ನಿಮ್ಮ ಫೀಲ್ಡ್ ಅಲ್ಲದ ರಿಸರ್ಚ್ ಪೇಪರ್ ಓದೋದು ಹೇಗೆ: ಫಿಸಿಕ್ಸಿಂದ ಜೆನೆಟಿಕ್ಸ್ ತನಕ

ಆಫೀಸಲ್ಲಿ ಎಚ್‌ಆರ್ ಕಡೆಯಿಂದ "ರಿಸರ್ಚ್ ಪ್ರಕಾರ ಎಲ್ಲರೂ ಒಟ್ಟಿಗೆ ಕೂತ್ರೇನೇ ಪ್ರೊಡಕ್ಟಿವಿಟಿ" ಅಂತ ಮೇಲ್ ಬರತ್ತೆ, ಅದೇ ಹೊತ್ತಿಗೆ ಔಟರ್ ರಿಂಗ್ ರೋಡ್ ಟ್ರಾಫಿಕ್ಕಲ್ಲಿ ಸಿಕ್ಕಾಕೊಂಡಿರೋ ಫ್ರೆಂಡು "ಮನೆಯಿಂದ ಮಾಡಿದ್ರೆ 13% ಜಾಸ್ತಿ ಕೆಲಸ ಆಗತ್ತಂತೆ, ಪೇಪರ್ ಇದೆ ನೋಡು" ಅಂತ ಲಿಂಕ್ ಒಗೀತಾನೆ, ಸಾಯಂಕಾಲ ಫ್ಯಾಮಿಲಿ ಗ್ರೂಪಲ್ಲಿ ದೊಡ್ಡಪ್ಪ ನಮ್ಮ ಪೂರ್ವಜರ ಡಿಎನ್‌ಎ ಬಗ್ಗೆ ಒಂದು ಫಾರ್ವರ್ಡ್ ಹಾಕಿರ್ತಾರೆ, ಇವಿ ಸ್ಕೂಟರ್ ತಗೊಳ್ಳೋಣ ಅಂತಿರೋ ಭಾವ "ಇರು, ಐದು ನಿಮಿಷಕ್ಕೆ ಫುಲ್ ಚಾರ್ಜ್ ಆಗೋ ಬ್ಯಾಟರಿ ಕಂಡುಹಿಡಿದಿದ್ದಾರಂತೆ" ಅಂತಾರೆ. ಇವೆಲ್ಲದರ ಹಿಂದೆ ಒಂದೊಂದು ಪೇಪರ್ ಇರಬಹುದು, ಎಲ್ಲಾ ನಿಜಾನೂ ಇರಬಹುದು, ಆದ್ರೆ ಎಲ್ಲಾನೂ ಒಂದೇ ಥರ ಓದಕ್ಕೆ ಹೋದ್ರೆ ಏಮಾರೋದು ಗ್ಯಾರಂಟಿ.

ಯಾಕಂದ್ರೆ ಒಂದೊಂದು ಫೀಲ್ಡ್ ಎಡವೋ ಜಾಗ ಒಂದೊಂದು. ಫಿಸಿಕ್ಸಲ್ಲಿ ಉಪಕರಣಾನೇ ಕೈ ಕೊಡತ್ತೆ. ಇಂಜಿನಿಯರಿಂಗಲ್ಲಿ ಲ್ಯಾಬಲ್ಲಿ ಚಿಕ್ಕದಾಗಿ ಆಗಿದ್ದು ದೊಡ್ಡದಾಗಿ ಮಾಡೋವಾಗ ಆಗಲ್ಲ. ಮ್ಯಾನೇಜ್‌ಮೆಂಟಲ್ಲಿ ಯಾವ ಜನಾನ ಸೇರಿಸ್ಕೊಂಡ್ರು ಅನ್ನೋದೇ ಅರ್ಧ ಉತ್ತರ ಬರೆದುಬಿಟ್ಟಿರತ್ತೆ. ಎವಲ್ಯೂಷನರಿ ಜೆನೆಟಿಕ್ಸಲ್ಲಿ ಜೀನಿನ ಪ್ರಭಾವ ಯಾವ್ದು, ಬರೀ ವಂಶದ ಗುರುತು ಯಾವ್ದು ಅಂತ ಕಲಸಿಹೋಗತ್ತೆ. ಹಾಗಾಗಿ ಪೇಪರ್ ಏನು ಹೇಳ್ತಿದೆ ಅಂತ ನೋಡೋಕ್ಕಿಂತ ಮುಂಚೆ, ಈ ಫೀಲ್ಡಿನವರು ಸಾಮಾನ್ಯವಾಗಿ ಎಲ್ಲಿ ಎಡವ್ತಾರೆ, ಇವರು ಆ ಜಾಗಾನ ಮುಚ್ಚಿದ್ದಾರಾ ಇಲ್ವಾ ಅಂತ ನೋಡಿ. ಈ ಗೈಡ್ ಪೂರ್ತಿ ಇಷ್ಟೇ, ಕೆಳಗಡೆ ಇರೋದು ಅದನ್ನ ಹೇಗೆ ಮಾಡೋದು ಅಂತ.

ಮೊದಲು ಒರಿಜಿನಲ್ ಪೇಪರ್ ಹಿಡೀರಿ

ನ್ಯೂಸ್ ಲಿಂಕ್ ಓದ್ಕೊಂಡು ವಾದ ಮಾಡ್ಬೇಡಿ. ನ್ಯೂಸ್ ಐಟಂ ಕೊನೇಲಿ ಜರ್ನಲ್ ಹೆಸರೋ ಡಿಒಐ ನಂಬರೋ (ಆ ಪೇಪರಿನ ಗುರುತಿನ ನಂಬರ್) ಇರತ್ತೆ, ಇಲ್ಲಾಂದ್ರೆ ಆಥರ್ ಹೆಸರು ಮತ್ತೆ ಎರಡು ಕೀವರ್ಡ್ ಹಾಕಿ ಗೂಗಲ್ ಸ್ಕಾಲರಲ್ಲಿ ಹುಡುಕಿ. ದುಡ್ಡು ಕೇಳಿದ್ರೆ ಹೆದರ್ಬೇಡಿ, "ಆಲ್ ವರ್ಷನ್ಸ್" ಅಂತ ಕೆಳಗಡೆ ಇರತ್ತೆ, ಅದನ್ನ ಒತ್ತಿದ್ರೆ ಬಹಳ ಸಲ ಫ್ರೀ ಪಿಡಿಎಫ್ ಸಿಗತ್ತೆ. ಫಿಸಿಕ್ಸ್ ಆದ್ರೆ ಆರ್ಕೈವ್, ಬಯಾಲಜಿ ಆದ್ರೆ ಬಯೋಆರ್ಕೈವ್, ಮ್ಯಾನೇಜ್‌ಮೆಂಟ್ ಎಕನಾಮಿಕ್ಸ್ ಆದ್ರೆ ಎಸ್‌ಎಸ್‌ಆರ್‌ಎನ್, ಇಲ್ಲೆಲ್ಲಾ ಪ್ರಿಪ್ರಿಂಟ್ ಇರತ್ತೆ. ಅನ್‌ಪೇವಾಲ್ ಅಂತ ಒಂದು ಬ್ರೌಸರ್ ಎಕ್ಸ್‌ಟೆನ್ಷನ್ ಇದೆ, ಹಾಕ್ಕೊಳ್ಳಿ. ಸರ್ಕಾರಿ ಕಾಲೇಜೋ ಯೂನಿವರ್ಸಿಟಿಯೋ ಆದ್ರೆ 2025ರ ಜನವರಿಯಿಂದ ಒನ್ ನೇಷನ್ ಒನ್ ಸಬ್‌ಸ್ಕ್ರಿಪ್ಷನ್ ಶುರುವಾಗಿದೆ, 30 ಪಬ್ಲಿಷರ್‌ಗಳ ಸುಮಾರು 13,000 ಜರ್ನಲ್ ಅದರಲ್ಲಿ ಬರತ್ತೆ, ನಿಮ್ಮ ಕಾಲೇಜು ಲೈಬ್ರರಿಯನ್ನ ಹೋಗಿ ಕೇಳಿ. ಎಷ್ಟೋ ಜನ ಸ್ಟೂಡೆಂಟ್ಸಿಗೆ ಇದು ಇರೋದೇ ಗೊತ್ತಿಲ್ಲ.

ಪ್ರಿಪ್ರಿಂಟ್ ಅಂದ್ರೆ ಬೇರೆ ಎಕ್ಸ್‌ಪರ್ಟ್ಸ್ ಇನ್ನೂ ಪರೀಕ್ಷೆ ಮಾಡಿಲ್ಲದ ಪೇಪರ್. ಅದರಿಂದ ಅದು ಕೆಟ್ಟದ್ದು ಅಂತಲ್ಲ, ಆದ್ರೆ ಟಿವಿನವರು "ವಿಜ್ಞಾನಿಗಳು ಸಾಬೀತು ಮಾಡಿದ್ದಾರೆ" ಅಂದಾಗ ಹಿಂದೆ ಪ್ರಿಪ್ರಿಂಟ್ ಮಾತ್ರ ಇದ್ರೆ ಆ "ಸಾಬೀತು" ಅನ್ನೋ ಪದ ಹೊಡೆದುಹಾಕಿ ಓದಿ.

ಪೇಪರ್ ಸಿಕ್ಕಿದ್ಮೇಲೆ ಎರಡು ಕಡೆ ಚೆಕ್ ಮಾಡಿ, ಐದು ನಿಮಿಷದ ಕೆಲಸ. ಒಂದು ರಿಟ್ರಾಕ್ಷನ್ ವಾಚ್ ಡೇಟಾಬೇಸ್, ಪೇಪರನ್ನ ವಾಪಸ್ ತಗೊಂಡಿದ್ದಾರಾ ಅಂತ ಅಲ್ಲಿ ಗೊತ್ತಾಗತ್ತೆ. ಇನ್ನೊಂದು ಪಬ್‌ಪಿಯರ್, ಅಲ್ಲಿ ಬೇರೆ ವಿಜ್ಞಾನಿಗಳು ಆ ಪೇಪರಿನ ಗ್ರಾಫ್, ಫೋಟೋ ಎಲ್ಲಾ ಎಳೆದೆಳೆದು ಪ್ರಶ್ನೆ ಕೇಳಿರ್ತಾರೆ. ರಿಟ್ರಾಕ್ಟ್ ಆದ ಪೇಪರ್‌ಗಳು ವಾಟ್ಸಾಪಲ್ಲಿ ವರ್ಷಗಟ್ಟಲೆ ಓಡಾಡ್ಕೊಂಡಿರ್ತವೆ, ಅವಕ್ಕೆ ಸಾವಿಲ್ಲ.

ಜರ್ನಲ್ ಬಗ್ಗೆ ಒಂದು ಮಾತು. "ಇಂಟರ್‌ನ್ಯಾಷನಲ್ ಜರ್ನಲ್ ಆಫ್" ಅಂತ ಶುರುವಾಗಿ, ಒಂದೇ ಸಂಚಿಕೇಲಿ ಬ್ಲ್ಯಾಕ್ ಹೋಲು, ಕಾಂಕ್ರೀಟು, ಎಂಪ್ಲಾಯಿ ಮೋಟಿವೇಷನ್ನು, ಹಣ್ಣಿನ ನೊಣದ ಜೀನು ಎಲ್ಲಾ ಇದ್ದು, ಮೂರು ದಿನದಲ್ಲಿ ಪಬ್ಲಿಷ್ ಮಾಡ್ತೀವಿ ಇಷ್ಟು ಫೀಸ್ ಕಟ್ಟಿ ಅಂತ ಬರೆದಿದ್ರೆ ದೂರದಿಂದ್ಲೇ ಕೈ ಮುಗೀರಿ. ಎಲ್ಲಾ ವಿಷಯ ಹಾಕೋ ಒಳ್ಳೇ ಜರ್ನಲ್‌ಗಳೂ ಇವೆ, ನೇಚರ್, ಸೈನ್ಸ್, ನಮ್ಮ ಕರೆಂಟ್ ಸೈನ್ಸ್ ಎಲ್ಲಾ ಅದೇ, ಆದ್ರೆ ಅಲ್ಲಿ ಮೂರು ದಿನದಲ್ಲಿ ಏನೂ ಆಗಲ್ಲ. 2013ರಲ್ಲಿ ಸೈನ್ಸ್ ಪತ್ರಿಕೆಗೆ ಬರೀತಿದ್ದ ಜಾನ್ ಬೊಹಾನನ್ ಅನ್ನೋರು ಬೇಕಂತಲೇ ತಪ್ಪು ತುಂಬಿದ ಒಂದು ಸುಳ್ಳು ಪೇಪರನ್ನ 304 ಓಪನ್ ಆಕ್ಸೆಸ್ ಜರ್ನಲ್‌ಗೆ ಕಳಿಸಿದ್ರು, 157 ಜರ್ನಲ್ ಅದನ್ನ ಒಪ್ಕೊಂಡವು. ಅದರಲ್ಲಿ ನಮ್ಮ ದೇಶದವೂ ಧಾರಾಳವಾಗಿ ಇದ್ದವು, ಬೇಜಾರಿನ ವಿಷಯ.

ಒಳ್ಳೇ ಜರ್ನಲ್ ಹೇಗಿರತ್ತೆ ಅಂತ ನೋಡ್ಬೇಕಾ, ಬೆಂಗಳೂರಿನ ಸದಾಶಿವನಗರ ಸಾಕು. ಸಿ.ವಿ. ರಾಮನ್ 1934ರಲ್ಲಿ ಶುರು ಮಾಡಿದ ಇಂಡಿಯನ್ ಅಕಾಡೆಮಿ ಆಫ್ ಸೈನ್ಸಸ್ ಇರೋದು ಅಲ್ಲೇ, ಫಿಸಿಕ್ಸಿಗೆ ಪ್ರಮಾಣ, ಇಂಜಿನಿಯರಿಂಗಿಗೆ ಸಾಧನಾ, ಜೆನೆಟಿಕ್ಸಿಗೆ ಜರ್ನಲ್ ಆಫ್ ಜೆನೆಟಿಕ್ಸ್ ತರ್ತಾರೆ. ಈ ಕೊನೇದರ ಕಥೆ ಚೆನ್ನಾಗಿದೆ: 1910ರಲ್ಲಿ ಇಂಗ್ಲೆಂಡಲ್ಲಿ ಬೇಟ್‌ಸನ್ ಮತ್ತೆ ಪನ್ನೆಟ್ ಶುರು ಮಾಡಿದ್ದು, ಜೆ.ಬಿ.ಎಸ್. ಹಾಲ್ಡೇನ್ ಇಂಡಿಯಾಗೆ ಬಂದಾಗ ಜೊತೆಗೇ ತಂದ್ರು, ಅವರು ಹೋದ್ಮೇಲೆ ನಿಂತುಹೋಗಿ ಆಮೇಲೆ 1985ರಲ್ಲಿ ಅಕಾಡೆಮಿ ಮತ್ತೆ ಎತ್ಕೊಂಡಿತು. ಮ್ಯಾನೇಜ್‌ಮೆಂಟಿಗೆ ಬನ್ನೇರುಘಟ್ಟ ರೋಡಿನ ಐಐಎಂಬಿಯವರ ಐಐಎಂಬಿ ಮ್ಯಾನೇಜ್‌ಮೆಂಟ್ ರಿವ್ಯೂ ಇದೆ. ಅಂದ್ರೆ ನಾಲ್ಕೂ ಫೀಲ್ಡಿನ ಮರ್ಯಾದಸ್ತ ಜರ್ನಲ್ ಒಂದೇ ಊರಿಂದ ಬರತ್ತೆ, ಒಂದೊಂದರಿಂದ ಒಂದು ಪೇಪರ್ ತೆಗೆದು ಪಕ್ಕಪಕ್ಕ ಇಟ್ಟು ನೋಡಿ, ಬರೆಯೋ ರೀತೀನೇ ಎಷ್ಟು ಬೇರೆ ಅಂತ ಗೊತ್ತಾಗತ್ತೆ.

ಮೇಲಿಂದ ಕೆಳಗೆ ಓದ್ಬೇಡಿ

ಅಬ್‌ಸ್ಟ್ರಾಕ್ಟ್ ಅನ್ನೋದು ಆಥರ್ ತನ್ನ ಕೆಲಸದ ಬಗ್ಗೆ ಬರ್ಕೊಂಡಿರೋ ಒಳ್ಳೇ ಮಾತು. ಅದನ್ನ ಮೊದಲು ಓದಿದ್ರೆ ಉಳಿದಿದ್ದೆಲ್ಲಾ ಆ ಕನ್ನಡಕದಲ್ಲೇ ಕಾಣತ್ತೆ. ಮೊದಲು ಚಿತ್ರ, ಗ್ರಾಫ್, ಟೇಬಲ್ ನೋಡಿ. ಅಕ್ಷದ ಮೇಲೆ ಏನಿದೆ, ಸೊನ್ನೆಯಿಂದ ಶುರುವಾಗಿದ್ಯಾ, ಎರರ್ ಬಾರ್ ಇದ್ಯಾ, ಎಷ್ಟು ಚುಕ್ಕೆ ಇದೆ. ಆಮೇಲೆ ಮೆಥಡ್ಸ್. ಬೋರ್ ಹೊಡಿಯತ್ತೆ ನಿಜ, ಆದ್ರೆ ಮ್ಯಾಟರ್ ಇರೋದೆಲ್ಲಾ ಅಲ್ಲೇ. ಆಮೇಲೆ ಕೊನೆ ಹತ್ರ "ಲಿಮಿಟೇಷನ್ಸ್" ಅಂತ ಇದ್ರೆ ಅದು, ಆಮೇಲೆ ಬೇಕಾದ್ರೆ ಅಬ್‌ಸ್ಟ್ರಾಕ್ಟ್. ಈಗೆಲ್ಲಾ ಪಿಡಿಎಫ್ ಹಾಕಿ ಎಐ ಹತ್ರ ಸಮರಿ ಕೇಳೋದು ಫ್ಯಾಷನ್ನು, ಕೇಳಿ ಬೇಡ ಅನ್ನಲ್ಲ, ಆದ್ರೆ ಸುಮ್ನೆ ಸಮರಿ ಕೇಳಿದ್ರೆ ಅದು ಅಬ್‌ಸ್ಟ್ರಾಕ್ಟನ್ನೇ ತಿರುಗಿಸಿ ಹೇಳೋದು ಜಾಸ್ತಿ. "ಸ್ಯಾಂಪಲ್ ಯಾರು, ಎಷ್ಟು ಜನ ಮಧ್ಯದಲ್ಲಿ ಬಿಟ್ಟು ಹೋದ್ರು, ಯಾವುದಕ್ಕೆ ಹೋಲಿಸಿದ್ರು, ಯಾವ ಪುಟದಲ್ಲಿದೆ" ಅಂತ ಕೇಳಿ, ಆಮೇಲೆ ಆ ಪುಟ ನೀವೇ ತೆಗೆದು ನೋಡಿ.

"ಸಿಗ್ನಿಫಿಕೆಂಟ್" ಅನ್ನೋದು ಎಲ್ಲಾ ಕಡೆ ಒಂದೇ ಅಲ್ಲ

ಇದೊಂದು ಅರ್ಥ ಆದ್ರೆ ಅರ್ಧ ಕೆಲಸ ಮುಗೀತು. ನಿಜವಾಗ್ಲೂ ಏನೂ ಇಲ್ಲದೇ ಇದ್ರೂ, ಬರೀ ಅದೃಷ್ಟದಿಂದ ಇಂಥ ರಿಸಲ್ಟ್ ಬರೋ ಸಾಧ್ಯತೆ ಎಷ್ಟು ಅನ್ನೋದಕ್ಕೆ ಪಿ ವ್ಯಾಲ್ಯೂ ಅಂತಾರೆ. ಮ್ಯಾನೇಜ್‌ಮೆಂಟ್, ಸೈಕಾಲಜಿ ಕಡೆ ಇದು 0.05ಕ್ಕಿಂತ ಕಮ್ಮಿ ಇದ್ರೆ ಸಾಕು, ಅಂದ್ರೆ 20ಕ್ಕೆ ಒಂದು. ಪಾರ್ಟಿಕಲ್ ಫಿಸಿಕ್ಸಲ್ಲಿ "ಕಂಡುಹಿಡಿದ್ವಿ" ಅನ್ನೋಕೆ 5 ಸಿಗ್ಮಾ ಬೇಕು (ಸಿಗ್ಮಾ ಏರಿದಷ್ಟೂ ಬರೀ ಅದೃಷ್ಟದಿಂದ ಬಂದಿರೋ ಸಾಧ್ಯತೆ ಕಮ್ಮಿ), ಅಂದ್ರೆ ಸುಮಾರು 35 ಲಕ್ಷಕ್ಕೆ ಒಂದು, 2012ರ ಜುಲೈ 4ಕ್ಕೆ ಹಿಗ್ಸ್ ಬೋಸಾನ್ ಅನೌನ್ಸ್ ಮಾಡಿದ್ದು ಈ ಗೆರೆ ಮುಟ್ಟಿದ್ಮೇಲೇನೇ. ಪೂರ್ತಿ ಜೀನೋಮ್ ಜಾಲಾಡೋ ಜೆನೆಟಿಕ್ಸ್ ಸ್ಟಡೀಲಿ ಇನ್ನೂ ಬಿಗಿ, 2 ಕೋಟಿಗೆ ಒಂದು. ಯಾಕಿಷ್ಟು ಬಿಗಿ ಅಂದ್ರೆ ಅವರು ಒಂದು ಪ್ರಶ್ನೆ ಕೇಳ್ತಿಲ್ಲ, ಜೀನೋಮ್ ಉದ್ದಕ್ಕೂ ಸುಮಾರು 10 ಲಕ್ಷ ಪ್ರಶ್ನೆ ಒಂದೇ ಸಲ ಕೇಳ್ತಿದ್ದಾರೆ, 20ಕ್ಕೆ ಒಂದು ಅಂತ ಬಿಟ್ರೆ ಸುಮ್ಮಸುಮ್ನೆ ಜೀನೋಮಿನ 50 ಸಾವಿರ ಜಾಗ "ಸಿಕ್ಕಿಬಿಡತ್ತೆ". ಇದನ್ನ ಮ್ಯಾನೇಜ್‌ಮೆಂಟ್ ಪೇಪರಿಗೆ ಹಾಕಿ ನೋಡಿ: ಒಬ್ಬರು 20 ಥರ ಸರ್ವೇ ಪ್ರಶ್ನೆ ಕೇಳಿ ಒಂದಕ್ಕೆ ಮಾತ್ರ 0.04 ಬಂತು ಅಂತ ಪೇಪರ್ ಬರೆದ್ರೆ ಅದಕ್ಕೆ ಎಷ್ಟು ಬೆಲೆ ಕೊಡ್ಬೇಕು ನೀವೇ ಹೇಳಿ.

ಆದ್ರೆ ಸಿಗ್ಮಾ ಜಾಸ್ತಿ ಇದ್ರೆ ಸತ್ಯ ಅಂತಾನೂ ಅಲ್ಲ. ಅದಕ್ಕೆ ಫಿಸಿಕ್ಸಿಂದಾನೇ ಉದಾಹರಣೆ ಇದೆ.

ಫಿಸಿಕ್ಸ್: ವೈರ್ ನೋಡಿ

2011ರ ಸೆಪ್ಟೆಂಬರಲ್ಲಿ ಓಪೆರಾ ಪ್ರಯೋಗದವರು ಸರ್ನ್‌ನಿಂದ ಇಟಲಿಯ ಗ್ರಾನ್ ಸಾಸೋಗೆ ಸುಮಾರು 730 ಕಿಲೋಮೀಟರ್ ಬಂದ ನ್ಯೂಟ್ರಿನೋ ಅನ್ನೋ ಅತಿಸಣ್ಣ ಕಣಗಳು ಬೆಳಕಿಗಿಂತ 60 ನ್ಯಾನೋಸೆಕೆಂಡ್ ಮುಂಚೆ ಬಂದ್ವು ಅಂದ್ರು. 6 ಸಿಗ್ಮಾ. ಐನ್‌ಸ್ಟೈನ್ ಕಥೆ ಮುಗೀತು ಅಂತ ಪೇಪರ್ ಟಿವಿ ಎಲ್ಲಾ ಕುಣಿದ್ವು. ಆಮೇಲೆ ನೋಡಿದ್ರೆ ಜಿಪಿಎಸ್ ಸಿಗ್ನಲ್ ತರೋ ಫೈಬರ್ ಆಪ್ಟಿಕ್ ಕೇಬಲ್ಲಿನ ಕನೆಕ್ಟರ್ ಸರಿಯಾಗಿ ಕೂತಿರ್ಲಿಲ್ಲ. ಸಿಗ್ಮಾ ಅನ್ನೋದು ಲೆಕ್ಕದ ಅದೃಷ್ಟವನ್ನ ಅಳೆಯತ್ತೆ, ಲೂಸ್ ಆಗಿರೋ ವೈರನ್ನ ಅಳೆಯಲ್ಲ, ಒಂದೇ ತಪ್ಪು ಗಡಿಯಾರದಲ್ಲಿ ಸಾವಿರ ಸಲ ಅಳೆದ್ರೂ ಸಾವಿರ ಸಲ ಒಂದೇ ತಪ್ಪು ಉತ್ತರ ಬರತ್ತೆ, ಸಿಗ್ಮಾ ಮಾತ್ರ ಏರ್ತಾ ಹೋಗತ್ತೆ.

ಇಲ್ಲಿ ಓದುಗರು ಮಾಡಬಹುದಾಗಿದ್ದ ಚೆಕ್ ಒಂದಿತ್ತು. 1987ರಲ್ಲಿ ಒಂದು ಸೂಪರ್‌ನೋವಾ ಕಂಡಿತ್ತು, ಸುಮಾರು 1 ಲಕ್ಷ 68 ಸಾವಿರ ಬೆಳಕಿನ ವರ್ಷ ದೂರ. ಅದರ ನ್ಯೂಟ್ರಿನೋ ಬೆಳಕಿಗಿಂತ ಮೂರು ಗಂಟೆ ಆಸುಪಾಸು ಮುಂಚೆ ಬಂತು ಅಷ್ಟೇ, ಅದೂ ಬೆಳಕು ನಕ್ಷತ್ರದ ಒಳಗಿಂದ ಹೊರಬರೋಕೆ ಲೇಟಾದ್ರಿಂದ. ಓಪೆರಾ ಹೇಳಿದ ಸ್ಪೀಡು ಅವಕ್ಕೂ ಇದ್ದಿದ್ರೆ ನಾಲ್ಕು ವರ್ಷ ಮುಂಚೇನೇ ಬಂದುಬಿಡ್ಬೇಕಿತ್ತು. ಹೊಸ ರಿಸಲ್ಟ್ ನಿಜ ಅಂದ್ರೆ ಇನ್ನೇನೇನು ನಿಜ ಆಗಿರ್ಬೇಕಿತ್ತು ಅಂತ ಕೇಳಿ, ಫಿಸಿಕ್ಸಲ್ಲಿ ಇದರಷ್ಟು ಕೆಲಸಕ್ಕೆ ಬರೋ ಪ್ರಶ್ನೆ ಇನ್ನೊಂದಿಲ್ಲ.

ನಮ್ಮೂರಿಂದಾನೇ ಇನ್ನೊಂದು. 2018ರ ಜುಲೈನಲ್ಲಿ ಐಐಎಸ್‌ಸಿಯ ಇಬ್ಬರು ಆರ್ಕೈವಲ್ಲಿ ಒಂದು ಪ್ರಿಪ್ರಿಂಟ್ ಹಾಕಿದ್ರು, ಬೆಳ್ಳಿಯ ನ್ಯಾನೋ ಕಣ ಚಿನ್ನದೊಳಗೆ ಕೂರಿಸಿದ್ರೆ 236 ಕೆಲ್ವಿನ್, ಅಂದ್ರೆ ಸುಮಾರು ಮೈನಸ್ 37 ಡಿಗ್ರೀಲಿ ಸೂಪರ್‌ಕಂಡಕ್ಟಿವಿಟಿ (ಕರೆಂಟಿಗೆ ರೆಸಿಸ್ಟೆನ್ಸೇ ಇಲ್ಲದ ಸ್ಥಿತಿ) ಥರದ್ದು ಕಾಣತ್ತೆ ಅಂತ. ಎಂಐಟಿಯ ಬ್ರಯಾನ್ ಸ್ಕಿನ್ನರ್ ಅನ್ನೋರು ಗ್ರಾಫನ್ನ ಜೂಮ್ ಮಾಡಿ ನೋಡಿದ್ರು, ಬೇರೆಬೇರೆ ಮ್ಯಾಗ್ನೆಟಿಕ್ ಫೀಲ್ಡಲ್ಲಿ ತೆಗೆದ ಎರಡು ಅಳತೆಯ ನಾಯ್ಸ್, ಅಂದ್ರೆ ಆ ಸಣ್ಣ ಸಣ್ಣ ಏರಿಳಿತ, ಚುಕ್ಕೆಗೆ ಚುಕ್ಕೆ ಒಂದೇ ಥರ ಇತ್ತು. ನಾಯ್ಸ್ ಅನ್ನೋದು ಹಾಗೆ ರಿಪೀಟ್ ಆಗಲ್ಲ, ನಿನ್ನೆಯ ಮಳೆಹನಿ ಬಿದ್ದಲ್ಲೇ ಇವತ್ತಿನ ಹನಿ ಒಂದೊಂದೂ ಬಿದ್ದಂಗಾಯ್ತು. ಅಷ್ಟಕ್ಕೇ ಮೋಸ ಅಂತ ತೀರ್ಮಾನ ಮಾಡೋಕಾಗಲ್ಲ, ಆದ್ರೆ ಗ್ರಾಫನ್ನ ಹೀಗೆ ನೋಡ್ಬೇಕು ಅನ್ನೋದಕ್ಕೆ ಇದಕ್ಕಿಂತ ಒಳ್ಳೇ ಪಾಠ ಇಲ್ಲ. 2023ರಲ್ಲಿ ಕೊರಿಯಾದವರು ರೂಮ್ ಟೆಂಪರೇಚರಲ್ಲೇ ಸೂಪರ್‌ಕಂಡಕ್ಟರ್ ಅಂದ ಎಲ್‌ಕೆ-99 ಬಂದಾಗ್ಲೂ ಅಷ್ಟೇ, ಅರ್ಧ ತೇಲೋ ಕಲ್ಲಿನ ವಿಡಿಯೋ ಎಲ್ಲರ ಫೋನಲ್ಲೂ ಓಡ್ತು, ಕೊನೆಗೆ ಅದರಲ್ಲಿ ಬೆರೆತಿದ್ದ ಕಾಪರ್ ಸಲ್ಫೈಡ್ 100 ಡಿಗ್ರಿ ಆಸುಪಾಸಲ್ಲಿ ರೂಪ ಬದಲಾಯಿಸೋವಾಗ ರೆಸಿಸ್ಟೆನ್ಸ್ ಧಡ್ ಅಂತ ಇಳಿಯತ್ತೆ ಅಂತ ಗೊತ್ತಾಯ್ತು.

ಹೋಲಿಕೆಗೆ 2015ರ ಸೆಪ್ಟೆಂಬರ್ 14ಕ್ಕೆ ಸಿಕ್ಕ ಗ್ರಾವಿಟೇಷನಲ್ ವೇವ್ ಬಗ್ಗೆ ಲೈಗೋ ಪ್ರಯೋಗದವರು ಬರೆದ ಪೇಪರ್ ತೆಗೀರಿ. ಎರಡು ಡಿಟೆಕ್ಟರ್, ಅಮೆರಿಕಾದ ಎರಡು ಮೂಲೇಲಿ, ಎರಡರಲ್ಲೂ ಒಂದೇ ಆಕಾರದ ಅಲೆ. ಪೇಪರ್ ಹೊರಗೆ ಬಂದಿದ್ದು ಮುಂದಿನ ಫೆಬ್ರವರೀಲಿ, ನಡುವಿನ ಐದು ತಿಂಗಳು ತಮ್ಮನ್ನ ತಾವೇ ಅನುಮಾನಿಸಿಕೊಂಡಿದ್ದು.

ಇಂಜಿನಿಯರಿಂಗ್: ಎಷ್ಟು ದೊಡ್ಡದು, ಎಷ್ಟು ದಿನ, ಎಷ್ಟು ಬಿಸಿ

ಇಲ್ಲಿ ರಿಸಲ್ಟ್ ಸುಳ್ಳಾಗೋದು ಕಮ್ಮಿ, ಆದ್ರೆ ನಿಮ್ಮ ಸ್ಕೂಟರಿಗೆ ಸಂಬಂಧ ಇಲ್ಲದೇ ಇರೋದು ಜಾಸ್ತಿ. ಬ್ಯಾಟರಿ ಪೇಪರ್ ಸಿಕ್ಕಿದ್ರೆ ಮೊದಲು ಮೆಥಡ್ಸಲ್ಲಿ "ಕಾಯಿನ್ ಸೆಲ್" ಅನ್ನೋ ಪದ ಹುಡುಕಿ. ವಾಚಿನ ಬ್ಯಾಟರಿ ಸೈಜಿನ ಬಿಲ್ಲೆ ಅದು. ಅದರಲ್ಲಿ ಬಹಳ ಸಲ ಒಂದು ಕಡೆ ಲಿಥಿಯಂ ಹಾಳೆ ಬೇಕಾಗಿದ್ದಕ್ಕಿಂತ ಎಷ್ಟೋ ಪಟ್ಟು ಜಾಸ್ತಿ ಇರತ್ತೆ, ಎಲೆಕ್ಟ್ರೋಲೈಟೂ ಧಾರಾಳ. ಹಾಗಾಗಿ ಪ್ರತಿ ಚಾರ್ಜಿಗೆ ಸ್ವಲ್ಪ ಸ್ವಲ್ಪ ಲಿಥಿಯಂ ಹಾಳಾಗ್ತಿದ್ರೂ ಗೊತ್ತೇ ಆಗಲ್ಲ, ಗೋಡೌನಲ್ಲಿ ಸ್ಟಾಕ್ ಇದೆಯಲ್ಲ.

ಈಗ ಒಂದು ಲೆಕ್ಕ. ಪೇಪರಲ್ಲಿ ಕೂಲಂಬಿಕ್ ಎಫಿಶಿಯೆನ್ಸಿ (ಒಳಗೆ ತುಂಬಿದ ಚಾರ್ಜಲ್ಲಿ ಎಷ್ಟು ವಾಪಸ್ ಸಿಗತ್ತೆ ಅನ್ನೋದು) 99.9% ಅಂತಿದ್ರೆ ಸೂಪರ್ ಅನ್ಸತ್ತೆ. ಎಕ್ಸ್‌ಟ್ರಾ ಲಿಥಿಯಂ ಇಲ್ಲದ ನಿಜವಾದ ಸೆಲ್ಲಲ್ಲಿ ಹಾಗಿದ್ರೆ 0.999ನ 500 ಸಲ ಗುಣಿಸಿ, ಮೊಬೈಲ್ ಕ್ಯಾಲ್ಕುಲೇಟರಲ್ಲೇ ಆಗತ್ತೆ, 0.606 ಬರತ್ತೆ. 500 ಚಾರ್ಜಿಗೆ 60% ಉಳೀತು. ಸಾಮಾನ್ಯವಾಗಿ 80%ಗೆ ಇಳಿದ್ರೇ ಬ್ಯಾಟರಿ ಆಯಸ್ಸು ಮುಗೀತು ಅಂತ ಲೆಕ್ಕ ಹಾಕ್ತಾರೆ. 99% ಆದ್ರೆ 500 ಸಲಕ್ಕೆ ಒಂದು ಪರ್ಸೆಂಟೂ ಉಳಿಯಲ್ಲ. ಪಾಯಿಂಟ್ ಆದ್ಮೇಲಿನ ಎರಡನೇ ಮೂರನೇ ಅಂಕೀಲಿ ಇಡೀ ಇಂಡಸ್ಟ್ರಿ ಜೀವ ಇರೋದು.

ಆಮೇಲೆ ಪ್ರತಿ ಕೆಜಿಗೆ ಇಷ್ಟು ವಾಟ್-ಅವರ್ ಅಂತ ಬರೆದಿರ್ತಾರಲ್ಲ, ಆ ಕೆಜಿ ಯಾವ್ದರ ಕೆಜಿ ಅಂತ ಕೇಳಿ. ಬರೀ ಎಲೆಕ್ಟ್ರೋಡ್ ಪುಡೀದಾ, ಪೂರ್ತಿ ಸೆಲ್ಲಿನದಾ, ಕೂಲಿಂಗು ಡಬ್ಬ ವೈರು ಎಲ್ಲಾ ಸೇರಿದ ಪ್ಯಾಕಿನದಾ. ಟೆಸ್ಟ್ 25 ಡಿಗ್ರೀಲಿ ಮಾಡಿದ್ರೆ ಬೆಂಗಳೂರಿಗೆ ಓಕೆ, ಏಪ್ರಿಲಲ್ಲಿ ರಾಯಚೂರಿಗೆ? ಚಾರ್ಜ್ ಸ್ಪೀಡ್ 1ಸಿ ಅಂದ್ರೆ ಒಂದು ಗಂಟೆ, ಐದು ನಿಮಿಷ ಅಂದ್ರೆ 12ಸಿ, ಆ 12ಸಿ ಸ್ಪೀಡಲ್ಲೇ ಎಷ್ಟು ಸೈಕಲ್ ಓಡಿಸಿದ್ರು, ಇಲ್ಲಾ ಒಂದೆರಡು ಸಲ ಮಾತ್ರ ತೋರಿಸಿ ಉಳಿದಿದ್ದನ್ನ ನಿಧಾನಕ್ಕೆ ಮಾಡಿದ್ರಾ. ಭಾವಂಗೆ ಈ ಪ್ರಶ್ನೆ ಕೇಳಿದ್ರೆ ಸ್ಕೂಟರ್ ಈ ತಿಂಗಳೇ ಬುಕ್ ಆಗತ್ತೆ.

ಸೋಲಾರ್ ಪೇಪರಿಗೂ ಇದೇ. ಪೆರೋವ್‌ಸ್ಕೈಟ್ ಅನ್ನೋ ಹೊಸ ಥರದ ಸೋಲಾರ್ ಸೆಲ್ ಬಿಸಿಲನ್ನ ಕರೆಂಟ್ ಮಾಡೋದು 2009ರಲ್ಲಿ 3.8% ಇದ್ದಿದ್ದು ಈಗ 25% ದಾಟಿದೆ, ಅದ್ಭುತವೇ, ಆದ್ರೆ ರೆಕಾರ್ಡ್ ಸೆಲ್‌ಗಳು ಬೆರಳಿನ ಉಗುರಿಗಿಂತ ಚಿಕ್ಕದಿರೋದು ಮಾಮೂಲಿ, ತೇವ ಮತ್ತೆ ಬಿಸಿಲಿಗೆ ಬಾಳಿಕೆ ಇನ್ನೂ ತಲೆನೋವು. ನಾಸಾದವರು ಮಾಡಿದ ಟಿಆರ್‌ಎಲ್ ಅಂತ, ಟೆಕ್ನಾಲಜಿ ಬಳಕೆಗೆ ಎಷ್ಟು ರೆಡಿ ಅಂತ ಅಳೆಯೋ 1ರಿಂದ 9ರ ಸ್ಕೇಲ್ ಇದೆ, ಯೂನಿವರ್ಸಿಟಿ ಲ್ಯಾಬಿಂದ ಬರೋದು ಬಹುಪಾಲು 3-4ರಲ್ಲಿರತ್ತೆ, ಅಂಗಡೀಲಿ ಸಿಗೋದು 9.

ಮ್ಯಾನೇಜ್‌ಮೆಂಟ್: ಯಾರು ಒಳಗೆ, ಯಾರು ಹೊರಗೆ

ಆ 13% ಪೇಪರ್ ತಗೊಳ್ಳೋಣ. ಸ್ಟ್ಯಾನ್‌ಫರ್ಡಿನ ನಿಕೋಲಸ್ ಬ್ಲೂಮ್ ಮತ್ತೆ ಜೊತೆಗಾರರದ್ದು, ಚೀನಾದ ಸಿಟ್ರಿಪ್ ಅನ್ನೋ ಟ್ರಾವೆಲ್ ಕಂಪನಿ ಮೇಲೆ. ಒಳ್ಳೇ ಸ್ಟಡಿ, ರ್‍ಯಾಂಡಮ್ ಆಗಿ ಹಂಚಿದ್ರು, ಹುಟ್ಟಿದ ದಿನಾಂಕ ಸಮಸಂಖ್ಯೆ ಇದ್ದೋರು ಮನೆಗೆ, ಬೆಸ ಇದ್ದೋರು ಆಫೀಸಿಗೆ, ಒಂಬತ್ತು ತಿಂಗಳು. ಆದ್ರೆ ಮೆಥಡ್ಸಿಗೆ ಬನ್ನಿ: ಇವರು ಕಾಲ್ ಸೆಂಟರ್ ಕೆಲಸದೋರು. 996 ಜನಾನ ಕೇಳಿದ್ರು, 503 ಜನ ಒಪ್ಪಿದ್ರು, ಮನೇಲಿ ಸ್ವಂತ ರೂಮು, ಬ್ರಾಡ್‌ಬ್ಯಾಂಡು, ಆರು ತಿಂಗಳ ಸರ್ವೀಸು ಇದ್ದೋರು ಅಂತ ಜರಡಿ ಹಿಡಿದ್ಮೇಲೆ ಉಳಿದಿದ್ದು 249. ಆ 13%ರಲ್ಲಿ 9% ಬಂದಿದ್ದು ಬ್ರೇಕು, ಸಿಕ್ ಲೀವು ಕಮ್ಮಿಯಾಗಿ ಜಾಸ್ತಿ ನಿಮಿಷ ಕೆಲಸ ಮಾಡಿದ್ರಿಂದ, 4% ಮಾತ್ರ ನಿಮಿಷಕ್ಕೆ ಜಾಸ್ತಿ ಕಾಲ್ ತಗೊಂಡಿದ್ರಿಂದ. ಕೆಲಸ ಬಿಡೋರು ಅರ್ಧಕ್ಕೆ ಇಳಿದ್ರು, ಅದೇ ಹೊತ್ತಿಗೆ ಮನೇಲಿದ್ದೋರಿಗೆ ಪರ್ಫಾರ್ಮೆನ್ಸಿಗೆ ತಕ್ಕ ಪ್ರಮೋಷನ್ ಸಿಗೋದೂ ಕಮ್ಮಿಯಾಯ್ತು, ಇದನ್ನ ಯಾರೂ ಫಾರ್ವರ್ಡ್ ಮಾಡಲ್ಲ. ಪ್ರಯೋಗ ಮುಗಿದ್ಮೇಲೆ ಬೇಕಾದ್ದು ಆರಿಸ್ಕೊಳ್ಳಿ ಅಂದಾಗ ಅರ್ಧಕ್ಕಿಂತ ಜಾಸ್ತಿ ಜನ ಬದಲಾಯಿಸ್ಕೊಂಡ್ರು, ಪ್ರೊಡಕ್ಟಿವಿಟಿ ಏರಿಕೆ 22%ಗೆ ಹೋಯ್ತು. ಅಂದ್ರೆ ಈ ಪೇಪರ್ ನಿಜವಾಗಿ ಹೇಳಿದ್ದು "ಮನೆ ಒಳ್ಳೇದು" ಅಂತಲ್ಲ, "ಯಾರಿಗೆ ಯಾವುದು ಒಗ್ಗತ್ತೆ ಅವರಿಗೆ ಬಿಡಿ" ಅನ್ನೋದಕ್ಕೆ ಹತ್ರ.

ಮಾನ್ಯತಾ ಟೆಕ್ ಪಾರ್ಕಲ್ಲಿ ಕೋಡ್ ಬರೆಯೋರಿಗೆ, ಡಿಸೈನ್ ಮೀಟಿಂಗ್ ಮಾಡೋರಿಗೆ ಹತ್ರದ ಸ್ಟಡಿ ಬೇಕಂದ್ರೆ 2024ರಲ್ಲಿ ಅದೇ ಕಂಪನಿ ಮೇಲೆ ನೇಚರಲ್ಲಿ ಬಂದ ಹೈಬ್ರಿಡ್ ಪೇಪರ್ ನೋಡಿ. 1,612 ಜನ, ಇಂಜಿನಿಯರ್‌ಗಳೂ ಸೇರಿ, ವಾರಕ್ಕೆ ಎರಡು ದಿನ ಮನೆ. ಕೆಲಸ ಬಿಡೋದು ಮೂರನೇ ಒಂದು ಭಾಗ ಕಮ್ಮಿ, ಪರ್ಫಾರ್ಮೆನ್ಸ್ ರೇಟಿಂಗಲ್ಲಿ ವ್ಯತ್ಯಾಸ ಇಲ್ಲ. ಎಚ್‌ಆರ್ ಮೇಲಿಗೆ ರಿಪ್ಲೈ ಮಾಡೋ ಧೈರ್ಯ ಇದ್ರೆ ಇದನ್ನ ಅಟ್ಯಾಚ್ ಮಾಡಿ, 13%ನದಲ್ಲ.

ಇನ್ನು ಡೇಟಾನೇ ಕೆಟ್ಟಿರೋ ಕೇಸು. 2012ರಲ್ಲಿ ಪಿಎನ್‌ಎಎಸ್ ಅನ್ನೋ ದೊಡ್ಡ ಜರ್ನಲಲ್ಲಿ ಒಂದು ಪೇಪರ್ ಬಂತು, ಫಾರ್ಮಲ್ಲಿ "ನಿಜ ಹೇಳ್ತೀನಿ" ಅನ್ನೋ ಸಹಿ ಕೆಳಗಿನ ಬದಲು ಮೇಲೆ ಮಾಡಿಸಿದ್ರೆ ಜನ ಜಾಸ್ತಿ ಪ್ರಾಮಾಣಿಕರಾಗ್ತಾರೆ ಅಂತ. ಅದರಲ್ಲಿ ಒಂದು ಪ್ರಯೋಗ ಇನ್ಶೂರೆನ್ಸ್ ಕಂಪನಿಯ ಕಾರಿನ ಓಡೋಮೀಟರ್ ರೀಡಿಂಗ್ ಮೇಲೆ. 2021ರಲ್ಲಿ ಡೇಟಾ ಕೊಲಾಡಾ ಅನ್ನೋ ಗುಂಪಿನವರು ಆ ಎಕ್ಸೆಲ್ ಫೈಲ್ ತೆಗೆದು ನೋಡಿದ್ರು. ಕಾರು ಓಡಿಸೋರಲ್ಲಿ ಬಹಳ ಜನ ಮಧ್ಯಮ ದೂರ ಓಡಿಸ್ತಾರೆ, ತೀರಾ ಕಮ್ಮಿ ತೀರಾ ಜಾಸ್ತಿ ಓಡಿಸೋರು ಕಮ್ಮಿ ಇರ್ತಾರೆ ಅಲ್ವಾ, ಅದರಲ್ಲಿ ಮಾತ್ರ ಸೊನ್ನೆಯಿಂದ 50,000 ಮೈಲಿ ತನಕ ಎಲ್ಲಾ ದೂರಕ್ಕೂ ಸಮಸಮ ಜನ, 50,000 ಆದ್ಮೇಲೆ ಕತ್ತರಿಸಿದಂಗೆ ಒಬ್ಬರೂ ಇಲ್ಲ. ಜನ ಕೈಯಲ್ಲಿ ಬರೆಯೋವಾಗ 40,000, 35,500 ಅಂತ ರೌಂಡ್ ಮಾಡ್ತಾರೆ, ಪ್ರತಿ ಕಾರಿಗೂ ಎರಡು ರೀಡಿಂಗ್ ಇತ್ತು, ಮೊದಲನೇದರಲ್ಲಿ ಹಾಗೇ ಇತ್ತು, ಎರಡನೇದರಲ್ಲಿ ಆ ರೌಂಡಿಂಗೇ ಮಾಯ. ಸಾಲದ್ದಕ್ಕೆ ಫೈಲಲ್ಲಿ ಅರ್ಧ ಸಾಲು ಒಂದು ಫಾಂಟಲ್ಲಿ, ಇನ್ನರ್ಧ ಇನ್ನೊಂದು ಫಾಂಟಲ್ಲಿ. ಪೇಪರ್ ರಿಟ್ರಾಕ್ಟ್ ಆಯ್ತು. ಇದನ್ನ ಹಿಡಿಯೋಕೆ ಪಿಎಚ್‌ಡಿ ಬೇಕಿರ್ಲಿಲ್ಲ, ಓಡೋಮೀಟರ್ ನೋಡಿರೋ ಯಾವ ಓಲಾ ಊಬರ್ ಡ್ರೈವರೂ ಗ್ರಾಫ್ ನೋಡಿದ ತಕ್ಷಣ "ಇದೇನ್ ಸಾರ್ ಇದು" ಅಂತಿದ್ರು.

ಮ್ಯಾನೇಜ್‌ಮೆಂಟ್ ರಿಸರ್ಚೆಲ್ಲಾ ಹೀಗೆ ಅಂತ ಅಲ್ಲ. ಮುಂಬೈ ಹತ್ರದ 17 ಬಟ್ಟೆ ಮಿಲ್ ಕಂಪನಿಗಳಲ್ಲಿ ಕೆಲವು ಫ್ಯಾಕ್ಟರಿಗೆ ಫ್ರೀಯಾಗಿ ಕನ್ಸಲ್ಟಂಟ್ ಕಳಿಸಿ, ಸ್ಟಾಕ್ ಲೆಕ್ಕ, ಮಷಿನ್ ಮೇಂಟೆನೆನ್ಸ್, ಕ್ವಾಲಿಟಿ ರಿಜಿಸ್ಟರ್ ಇಂಥವು ಕಲಿಸಿ, ಉಳಿದವಕ್ಕೆ ಹೋಲಿಸಿ ಒಂದು ಪ್ರಯೋಗ ಆಗಿತ್ತು, 2013ರಲ್ಲಿ ಪೇಪರ್ ಬಂತು, ಮೊದಲ ವರ್ಷದಲ್ಲೇ ಪ್ರೊಡಕ್ಟಿವಿಟಿ 17% ಏರಿತ್ತು. ನಂಗೆ ಅದಕ್ಕಿಂತ ಇಷ್ಟ ಆಗಿದ್ದು ಅವರು ಎಂಟೊಂಬತ್ತು ವರ್ಷ ಆದ್ಮೇಲೆ ವಾಪಸ್ ಹೋಗಿ ನೋಡಿದ್ದು: ಕಲಿಸಿದ್ದರಲ್ಲಿ ಸುಮಾರು ಅರ್ಧ ಬಿಟ್ಟುಬಿಟ್ಟಿದ್ರು, ಆದ್ರೂ ಕಲಿಸದೇ ಇದ್ದ ಫ್ಯಾಕ್ಟರಿಗಳಿಗಿಂತ ಮುಂದೆ ಇದ್ರು. ಹೀಗೆ ತಿರುಗಿ ಹೋಗಿ ನೋಡಿರೋ ಸ್ಟಡಿ ಸಿಕ್ಕಿದ್ರೆ ಬಿಡ್ಬೇಡಿ. ಗೆದ್ದ ಹತ್ತು ಕಂಪನಿ ತಗೊಂಡು ಅವರಲ್ಲಿ ಕಾಮನ್ ಏನಿದೆ ಅಂತ ಹೇಳೋ ಪೇಪರ್ ಆದ್ರೆ ಒಂದೇ ಪ್ರಶ್ನೆ: ಅದನ್ನೇ ಮಾಡಿ ಮುಳುಗಿದ ಕಂಪನಿಗಳನ್ನ ಎಣಿಸಿದ್ರಾ?

ಜೆನೆಟಿಕ್ಸ್: ಯಾರ ಡಿಎನ್‌ಎ, ಯಾವುದರ ಗುರುತು

ಮಂಡ್ಯದ ಸಾವಿರ ಜನ, ಮಂಗಳೂರಿನ ಸಾವಿರ ಜನ, ಎಲ್ಲರ ಡಿಎನ್‌ಎ ತಗೊಂಡು "ದಿನಾ ಮುದ್ದೆ ತಿಂತೀರಾ" ಅಂತ ಕೇಳಿ ಅಂದ್ಕೊಳ್ಳಿ. ಎರಡು ಊರಿನ ಜನರ ವಂಶದ ಹಿನ್ನೆಲೆ ಸ್ವಲ್ಪ ಬೇರೆ ಆದ್ರಿಂದ ಡಿಎನ್‌ಎಯಲ್ಲಿ ಎಷ್ಟೋ ಅಕ್ಷರ ಹೆಚ್ಚುಕಮ್ಮಿ ಬರತ್ತೆ, ಕಂಪ್ಯೂಟರಿಗೆ ಕೊಟ್ರೆ "ಮುದ್ದೆ ಜೀನು" ಸಿಕ್ಕಿತು ಅನ್ನತ್ತೆ. ಮುದ್ದೆಗೂ ಆ ಜೀನಿಗೂ ಸಂಬಂಧ ಇಲ್ಲ, ರಾಗಿ ಎಲ್ಲಿ ಬೆಳೀತಾರೋ ಅಲ್ಲಿನ ಜನರ ಗುರುತು ಅದು. ಇದಕ್ಕೆ ಪಾಪ್ಯುಲೇಷನ್ ಸ್ಟ್ರ್ಯಾಟಿಫಿಕೇಷನ್ ಅಂತಾರೆ, ದೊಡ್ಡ ದೊಡ್ಡೋರೇ ಇಲ್ಲಿ ಜಾರಿದ್ದಾರೆ. ಉತ್ತರ ಯೂರೋಪಿನವರು ದಕ್ಷಿಣದವರಿಗಿಂತ ಎತ್ತರ ಇರೋದು ನ್ಯಾಚುರಲ್ ಸೆಲೆಕ್ಷನ್ನಿಂದ ಅಂತ ವರ್ಷಗಟ್ಟಲೆ ಪೇಪರ್ ಬಂದ್ವು, 2019ರಲ್ಲಿ ಎರಡು ತಂಡ ಯುಕೆ ಬಯೋಬ್ಯಾಂಕ್ ಅನ್ನೋ ಬ್ರಿಟನ್ನಿನ ದೊಡ್ಡ ಡಿಎನ್‌ಎ ಸಂಗ್ರಹದ ಡೇಟಾ ಹಾಕಿ ನೋಡಿದ್ರೆ ಆ ಸಿಗ್ನಲ್ ಬಹುಪಾಲು ಕರಗಿಹೋಯ್ತು. ಹಳೇ ಡೇಟಾದಲ್ಲಿ ವಂಶದ ವ್ಯತ್ಯಾಸ ಸರಿಯಾಗಿ ಕಳೆದಿರ್ಲಿಲ್ಲ.

"ಡಿಪ್ರೆಷನ್ ಜೀನು", "ಬುದ್ಧಿವಂತಿಕೆ ಜೀನು" ಅಂತ ಒಂದೇ ಜೀನಿನ ಹೆಸರು ಹೇಳೋ ಹಳೇ ಸ್ಟಡಿಗಳ ಮೇಲೆ ನಂಬಿಕೆ ಇಡ್ಬೇಡಿ. ಡಿಪ್ರೆಷನ್ನಿಗೆ ಫೇಮಸ್ ಆಗಿದ್ದ 18 ಜೀನನ್ನ 2019ರಲ್ಲಿ ಲಕ್ಷಾಂತರ ಜನರ ಡೇಟಾದಲ್ಲಿ ಪರೀಕ್ಷೆ ಮಾಡಿದ್ರು, ಬೇರೆ ಯಾವುದೋ 18 ಜೀನು ಎತ್ಕೊಂಡಿದ್ರೆ ಎಷ್ಟು ಸಂಬಂಧ ಕಾಣ್ತಿತ್ತೋ ಅದಕ್ಕಿಂತ ಜಾಸ್ತಿ ಕಾಣ್ಲಿಲ್ಲ.

ಈಗ ದೊಡ್ಡಪ್ಪನ ಫಾರ್ವರ್ಡ್. 2019ರ ಸೆಪ್ಟೆಂಬರಿನ ಒಂದೇ ವಾರದಲ್ಲಿ ಎರಡು ಪೇಪರ್ ಬಂದ್ವು, ಎರಡಕ್ಕೂ ಬಹಳ ಮಟ್ಟಿಗೆ ಅದೇ ವಿಜ್ಞಾನಿಗಳು. ಸೆಲ್ ಜರ್ನಲಲ್ಲಿ ಸಿಂಧೂ ನಾಗರಿಕತೆಯ ಊರಾದ ಹರಿಯಾಣದ ರಾಖಿಗಢಿಯ ಅಸ್ಥಿ, 61 ಸ್ಯಾಂಪಲ್ ಪ್ರಯತ್ನ ಪಟ್ಟು ಒಬ್ಬ ಹೆಂಗಸಿನ ಡಿಎನ್‌ಎ ಮಾತ್ರ ಸಿಕ್ತು, ಅವಳಲ್ಲಿ ಸ್ಟೆಪ್ಪಿ ಹುಲ್ಲುಗಾವಲಿನ ಪಶುಪಾಲಕರ ಅಂಶ ಇರ್ಲಿಲ್ಲ. ಸೈನ್ಸ್ ಜರ್ನಲಲ್ಲಿ 523 ಪ್ರಾಚೀನ ಜನರ ಡಿಎನ್‌ಎ, ಸ್ಟೆಪ್ಪಿ ಅಂಶ ಈ ಕಡೆಗೆ ಬಂದಿದ್ದು ಕ್ರಿಸ್ತಪೂರ್ವ 2000ದಿಂದ 1500ರ ನಡುವೆ ಅಂತ. ಎರಡನ್ನೂ ಜೋಡಿಸಿದ್ರೆ ಕಥೆ ಸರಳ: ಆ ಹೆಂಗಸು ಬದುಕಿದ್ದಾಗ ಅವರಿನ್ನೂ ಬಂದಿರ್ಲಿಲ್ಲ, ಆಮೇಲೆ ಬಂದ್ರು. ಆದ್ರೆ ಒಂದು ಚಾನೆಲಿನವರು ಮೊದಲನೇದು ಮಾತ್ರ ಓದಿ "ಯಾರೂ ಬಂದೇ ಇಲ್ಲ" ಅಂದ್ರು, ಇನ್ನೊಂದು ಕಡೆಯವರು ಎರಡನೇದು ಮಾತ್ರ ಹಿಡ್ಕೊಂಡು ಕೂಗಾಡಿದ್ರು.

ಒಬ್ಬಳೇ ಹೆಂಗಸಿಂದ ಏನು ಹೇಳೋಕಾಗತ್ತೆ ಅಂತ ನೀವು ಕೇಳಿದ್ರೆ ಒಳ್ಳೇ ಪ್ರಶ್ನೆ, ಪೇಪರಲ್ಲೇ ಉತ್ತರ ಇದೆ. ಒಬ್ಬರ ಜೀನೋಮಲ್ಲಿ ಸಾವಿರಾರು ಪೂರ್ವಜರ ತುಂಡು ಇರತ್ತೆ, ಜೊತೆಗೆ ಇರಾನ್ ಮತ್ತೆ ತುರ್ಕ್‌ಮೆನಿಸ್ತಾನದ ಹಳೇ ಊರುಗಳಲ್ಲಿ ಅಲ್ಲಿನವರಂಗಿಲ್ಲದ 11 ಜನ ಸಿಕ್ಕಿದ್ರು, ಅವರ ಡಿಎನ್‌ಎ ಇವಳದ್ದಕ್ಕೆ ಹೊಂದ್ತಿತ್ತು. ಆದ್ರೂ ಇಡೀ ಸಿಂಧೂ ನಾಗರಿಕತೆಯ ಎಲ್ಲರೂ ಹೀಗೇ ಇದ್ರು ಅಂತ ಅಲ್ಲ, ಅದನ್ನ ಪೇಪರೂ ಹೇಳಲ್ಲ. ಅವಳು ಯಾವ ಭಾಷೆ ಮಾತಾಡ್ತಿದ್ಲು ಅಂತ ಡಿಎನ್‌ಎ ಯಾವತ್ತೂ ಹೇಳಲ್ಲ, ಭಾಷೆ ಬಗ್ಗೆ ಏನಾದ್ರೂ ಬರೆದಿದ್ರೆ ಅದು ಬೇರೆ ಪುರಾವೆ ಸೇರಿಸಿ ಮಾಡಿದ ಊಹೆ.

ಇನ್ನೊಂದು, "ನಿಮ್ಮ ಡಿಎನ್‌ಎ ಪ್ರಕಾರ ನಿಮಗೆ ಹಾರ್ಟ್ ರಿಸ್ಕ್ ಇಷ್ಟು" ಅನ್ನೋ ಕಿಟ್ ತಗೋಳೋ ಮುಂಚೆ ಆ ಸ್ಕೋರನ್ನ ಯಾರ ಡೇಟಾದಿಂದ ಮಾಡಿದ್ರು ಅಂತ ಕೇಳಿ. ಇಂಥ ಸ್ಟಡಿಗಳಲ್ಲಿ ಬಹುಪಾಲು ಯೂರೋಪ್ ಮೂಲದವರು, ಆ ಸ್ಕೋರ್ ನಮಗೆ ಅಷ್ಟು ಸರಿಯಾಗಿ ಕೂರಲ್ಲ. ಇದಕ್ಕೇ ಜೀನೋಮ್ ಇಂಡಿಯಾ ಪ್ರಾಜೆಕ್ಟಲ್ಲಿ 83 ಸಮುದಾಯದ ಸುಮಾರು 10,000 ಜನರ ಜೀನೋಮ್ ಓದಿದ್ದು, ಅದರ ಮುಂದಾಳತ್ವ ಐಐಎಸ್‌ಸಿ ಕ್ಯಾಂಪಸ್ಸಿನ ಸೆಂಟರ್ ಫಾರ್ ಬ್ರೇನ್ ರಿಸರ್ಚಿನದು.

ಆದ್ರೂ ಅರ್ಥ ಆಗ್ಲಿಲ್ಲ ಅಂದ್ರೆ

ಬೆಂಗಳೂರಲ್ಲಿ ಇದ್ಕೊಂಡು ಕೇಳೋಕೆ ಜನ ಇಲ್ಲ ಅನ್ನಂಗಿಲ್ಲ. ಹೆಸರಘಟ್ಟ ಕಡೆ ಇರೋ ಐಸಿಟಿಎಸ್ ಅನ್ನೋ ರಿಸರ್ಚ್ ಸೆಂಟರಿನವರು ಕಾಪಿ ವಿತ್ ಕ್ಯೂರಿಯಾಸಿಟಿ ಅಂತ ಪಬ್ಲಿಕ್ ಲೆಕ್ಚರ್ ಮಾಡ್ತಾರೆ, ಬಹಳ ಸಲ ಹೈಗ್ರೌಂಡ್ಸಿನ ನೆಹರು ತಾರಾಲಯದಲ್ಲೇ. ಐಐಎಸ್‌ಸಿ ಓಪನ್ ಡೇ ದಿನ ಲ್ಯಾಬ್ ಮುಂದೆ ನಿಂತಿರೋ ಪಿಎಚ್‌ಡಿ ಹುಡುಗರನ್ನ ಕೇಳಿ, ಅವತ್ತು ಅವರಿಗೆ ಹೇಳೋ ಹುರುಪಿರತ್ತೆ, ಪ್ರೊಫೆಸರ್‌ಗಿಂತ ಬಿಡಿಸಿ ಹೇಳ್ತಾರೆ. ಜೆನೆಟಿಕ್ಸ್, ಎವಲ್ಯೂಷನ್ ಆದ್ರೆ ಜಿಕೆವಿಕೆ ಒಳಗಿರೋ ಎನ್‌ಸಿಬಿಎಸ್, ಜಕ್ಕೂರಿನ ಜೆಎನ್‌ಸಿಎಎಸ್‌ಆರ್, ಈ ಎರಡು ರಿಸರ್ಚ್ ಸಂಸ್ಥೆಗಳ ಕಾರ್ಯಕ್ರಮಗಳನ್ನ ಫಾಲೋ ಮಾಡಿ.

ಅದೂ ಆಗ್ಲಿಲ್ವಾ, ಪೇಪರಲ್ಲಿ ಕರೆಸ್ಪಾಂಡಿಂಗ್ ಆಥರ್ ಅಂತ ಈಮೇಲ್ ಇರತ್ತೆ, ಅವರಿಗೇ ಬರೀರಿ. "ಡಿಯರ್ ಸರ್, ನಿಮ್ಮ ರಿಸರ್ಚ್ ಬಗ್ಗೆ ಸ್ವಲ್ಪ ವಿವರಿಸಿ" ಅಂತ ಬರೆದ್ರೆ ಡಿಲೀಟ್ ಆಗತ್ತೆ. ಯಾವ ಚಿತ್ರ, ಯಾವ ಟೇಬಲ್ಲು, ಯಾವ ಸಾಲು ಅಂತ ನಂಬರ್ ಹಾಕಿ, ಒಂದೇ ಪ್ರಶ್ನೆ ಕೇಳಿ, ನಾಲ್ಕು ಸಾಲಿಗಿಂತ ಉದ್ದ ಬೇಡ, ಪಿಡಿಎಫ್ ಬೇಕಿದ್ರೆ ಅದನ್ನೂ ಅದರಲ್ಲೇ ಕೇಳ್ಬಿಡಿ. ವಾರದೊಳಗೆ ಉತ್ತರ ಬರ್ದಿದ್ರೆ ಅದೇ ಮೇಲನ್ನ ಪೇಪರಿನ ಮೊದಲನೇ ಹೆಸರಿನವರಿಗೆ ಕಳಿಸಿ, ಬಹುತೇಕ ಕೆಲಸ ಮಾಡಿರೋ ಸ್ಟೂಡೆಂಟ್ ಅವರೇ ಆಗಿರ್ತಾರೆ.